ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವವರಿಗೆ ಕೋಲಿನೆಸ್ಟರೇಸ್ ಪರೀಕ್ಷೆ: ಮಾಡಿಸುವ ಮತ್ತು ಓದುವ ಕ್ರಮ

ರಾಯಚೂರು, ಮಾನ್ವಿ, ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಹತ್ತಿ, ಮೆಣಸಿನಕಾಯಿ ಮತ್ತು ಭತ್ತದ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವರಿಗೆ ಸಂಜೆಯ ತಲೆನೋವು, ವಿಪರೀತ ಬೆವರು, ಮಬ್ಬಾಗುವ ಕಣ್ಣು ಹೊಸದೇನಲ್ಲ. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿದು ಮಲಗುವುದು ರೂಢಿ. ಅನೇಕ ಸಲ ಅದು ನಿಜಕ್ಕೂ ಬಿಸಿಲೇ ಆಗಿರುತ್ತದೆ. ಆದರೆ ಕೆಲವು ಸಲ ಕೀಟನಾಶಕವು ಮೈಯೊಳಗಿನ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು (ಎನ್‌ಜೈಮ್) ದಿನದಿಂದ ದಿನಕ್ಕೆ ಕಟ್ಟಿಹಾಕುತ್ತ ಬಂದಿರುತ್ತದೆ, ಮತ್ತು ಅದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಆ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು, ರಕ್ತವನ್ನು ಹೇಗೆ ಕೊಡಬೇಕು, ವರದಿಯಲ್ಲಿನ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಹಂಗಾಮು ಆರಂಭವಾಗುವುದಕ್ಕೆ ಮುಂಚಿನ ನಿಮ್ಮದೇ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಹಂಗಾಮಿನ ನಡುವೆ ಮಾಡಿಸಿದ ಪರೀಕ್ಷೆ ಅರ್ಧ ಮಾತ್ರ ಮಾತನಾಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಿಣ್ವದ ಕೆಲಸ ಮತ್ತು ಅದು ಕೆಡುವ ಬಗೆ

ನರವು ಸ್ನಾಯುವಿಗೆ ಆಜ್ಞೆ ಮುಟ್ಟಿಸುವಾಗ ಅವೆರಡರ ನಡುವಿನ ಅತಿ ಸಣ್ಣ ಸಂದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ನರದಿಂದ ಹೀಗೆ ರಾಸಾಯನಿಕ ಹೊರಬಂದು ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನಿ ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿದರು. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಹುಮಾನ ಬಂತು. ಆಜ್ಞೆ ಮುಟ್ಟಿದ ಮರುಕ್ಷಣವೇ ಆ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವವೇ ಅಸಿಟೈಲ್‌ಕೋಲಿನೆಸ್ಟರೇಸ್. ಇದರ ಒಂದೇ ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ನಮಗೆ ತಿಳಿದಿರುವ ಅತ್ಯಂತ ವೇಗದ ಕಿಣ್ವಗಳಲ್ಲಿ ಇದೂ ಒಂದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೋಯೆಲ್ ಸುಸ್‌ಮನ್ ಮತ್ತು ಇಸ್ರೇಲ್ ಸಿಲ್‌ಮನ್ ಅವರ ತಂಡ 1991ರಲ್ಲಿ ಇದರ ಆಕಾರವನ್ನು ಬಿಡಿಸಿತು. ಕಿಣ್ವದ ಮಧ್ಯೆ ಆಳವಾದ, ಇಕ್ಕಟ್ಟಾದ ಕಣಿವೆಯಿದ್ದು, ಅದರ ತಳದ ಬಳಿ ಇರುವ ಸೀರಿನ್ ಎಂಬ ಅಮೈನೋ ಆಮ್ಲವೇ ಒಡೆಯುವ ಕೆಲಸ ಮಾಡುವ ಜಾಗವೆಂದು ಅದರಲ್ಲಿ ಕಂಡಿತು.

ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಹೋಗಿ ಕೂರುವುದು ಸರಿಯಾಗಿ ಆ ಸೀರಿನ್ ಮೇಲೆ. ಎಡದಂಡೆ ಕಾಲುವೆಯ ತೂಬು ಎತ್ತಿದವನು ಇಳಿಸದೆ ಹೋದರೆ ಗದ್ದೆ ಕೆರೆಯಾಗುವಂತೆ, ಒಡೆಯುವ ಕಿಣ್ವ ನಿಂತ ಮೇಲೆ ಅಸಿಟೈಲ್‌ಕೋಲಿನ್ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಜೊಲ್ಲು, ಕಣ್ಣೀರು ಮತ್ತು ಬೆವರು ಹೆಚ್ಚುವುದು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುವುದು, ಹೊಟ್ಟೆ ನುಲಿಯುವುದು, ಸ್ನಾಯುಗಳು ತಾವಾಗಿಯೇ ಅದುರುವುದು, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುವುದು, ಇವೆಲ್ಲವೂ ಅದರ ಫಲ. ಇದೇ ಕಿಣ್ವವನ್ನು ಅಳತೆಗೆ ತಕ್ಕಂತೆ ತಡೆದರೆ ಅದು ಚಿಕಿತ್ಸೆಯೂ ಆಗುತ್ತದೆ: ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮತ್ತು ಮಯಾಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದುರ್ಬಲತೆಗೆ ಕೊಡುವ ಪಿರಿಡೊಸ್ಟಿಗ್ಮಿನ್ ಈ ಬಗೆಯವು. ಇಂಥ ಮಾತ್ರೆ ನುಂಗುವವರು ಕೀಟನಾಶಕ ಕಲಸುವ ಜಾಗದ ಹತ್ತಿರವೂ ಸುಳಿಯಬಾರದು.

ಇನ್ನೂ ಎರಡು ಕಿಣ್ವಗಳ ಪಾತ್ರ ಇಲ್ಲಿದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದವು ಡಬ್ಬಿಯಲ್ಲಿ ಇರುವ ರೂಪದಲ್ಲಿ ಅಷ್ಟೇನೂ ತೀವ್ರವಲ್ಲ. ಯಕೃತ್ತಿನ ಸೈಟೋಕ್ರೋಮ್ ಪಿ-450 ಕಿಣ್ವಗಳು ಅವುಗಳನ್ನು ಆಕ್ಸಾನ್ ಎಂಬ ಹರಿತವಾದ ರೂಪಕ್ಕೆ ತಿರುಗಿಸುತ್ತವೆ. ಬೆಳಿಗ್ಗೆ ಹೊಡೆದ ಎಣ್ಣೆಯ ತೊಂದರೆ ಸಂಜೆಗೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆ ಆಕ್ಸಾನನ್ನು ಒಡೆದು ನಿರುಪದ್ರವಿ ಮಾಡುವುದು ಪ್ಯಾರಾಆಕ್ಸೊನೇಸ್-1 ಎಂಬ ಮತ್ತೊಂದು ಕಿಣ್ವ. ಅದರ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ, ಹಸುಗೂಸುಗಳಲ್ಲಂತೂ ತೀರಾ ಕಡಿಮೆ ಇರುತ್ತದೆ. ಆದ್ದರಿಂದ ಪಕ್ಕದ ಹೊಲದವನು ಇಪ್ಪತ್ತು ವರ್ಷ ಬರಿಗೈಯಲ್ಲಿ ಕಲಸಿಯೂ ಗಟ್ಟಿಯಾಗಿದ್ದಾನೆ ಎಂಬುದು ನಿಮ್ಮ ಮೈಗೆ ಸಾಕ್ಷಿಯಲ್ಲ. ಬಾಣಂತಿ ಮತ್ತು ಕೂಸು ಇರುವ ಕೋಣೆಯಲ್ಲಿ ಪಂಪು, ಡಬ್ಬಿ, ಎಣ್ಣೆ ತಾಗಿದ ಬಟ್ಟೆ ಇಡಲೇಬಾರದು.

ಡಬ್ಬಿಯ ಮೇಲೆ ಮೊದಲು ಏನು ನೋಡಬೇಕು

ಗೊಬ್ಬರದಂಗಡಿಯಲ್ಲಿ ಕೊಡುವ ಡಬ್ಬಿಯ ದೊಡ್ಡಕ್ಷರದ ವ್ಯಾಪಾರಿ ಹೆಸರು ಇಲ್ಲಿ ಉಪಯೋಗಕ್ಕೆ ಬಾರದು. ಅದರ ಕೆಳಗೆ ಸಣ್ಣಕ್ಷರದಲ್ಲಿ ಮುದ್ರಿಸಿರುವ ತಾಂತ್ರಿಕ ಹೆಸರನ್ನು ಓದಿ ಬರೆದಿಟ್ಟುಕೊಳ್ಳಬೇಕು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಎಂಬಂತೆ ‘ಫಾಸ್’ ಎಂದು ಮುಗಿಯುವವು ಆರ್ಗನೊಫಾಸ್ಫೇಟ್ ಗುಂಪಿನವು. ಅಸಿಫೇಟ್ ಮತ್ತು ಡೈಮೆಥೊಯೇಟ್ ಹಾಗೆ ಮುಗಿಯದಿದ್ದರೂ ಇದೇ ಗುಂಪಿಗೆ ಸೇರುತ್ತವೆ. ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಬೆರೆಸಿದ ಡಬ್ಬಿಗಳೂ ಸಿಗುವುದರಿಂದ ಎರಡು ಹೆಸರಿದ್ದರೆ ಎರಡನ್ನೂ ಬರೆಯಬೇಕು. ಫೋರೇಟ್ ಮತ್ತು ಟ್ರೈಜೋಫಾಸ್‌ಗಳನ್ನು ದೇಶದಲ್ಲಿ 2020ರ ಕೊನೆಯಿಂದ ನಿಷೇಧಿಸಲಾಗಿದೆ. ಮೊನೊಕ್ರೊಟೊಫಾಸ್ 36 ಎಸ್‌ಎಲ್ ಮೇಲಿನ ನಿಷೇಧದ ಆದೇಶ 2023ರಲ್ಲಿ ಬಂತು. ಮನೆಯ ಅಟ್ಟದಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಬಳಸಿ ಮುಗಿಸುವ ಯೋಚನೆ ಬೇಡ.

ಕಾರ್ಬಮೇಟ್ ಗುಂಪಿನ ಕೀಟನಾಶಕಗಳೂ ಇದೇ ಕಿಣ್ವವನ್ನು ತಡೆಯುತ್ತವೆ, ಆದರೆ ಹಿಡಿತ ಸಡಿಲ. ಕೆಲವು ಗಂಟೆಗಳಲ್ಲಿ ಕಿಣ್ವ ತಾನಾಗಿ ಬಿಡುಗಡೆ ಹೊಂದುತ್ತದೆ. ಆದ್ದರಿಂದ ಎರಡು ದಿನ ಬಿಟ್ಟು ತೆಗೆದ ರಕ್ತದಲ್ಲಿ ಅದರ ಗುರುತು ಸಿಗದಿರಬಹುದು.

ಇನ್ನು ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್, ಲ್ಯಾಂಬ್ಡಾ ಸೈಹ್ಯಾಲೊಥ್ರಿನ್, ಎಮಾಮೆಕ್ಟಿನ್, ಡಯಾಫೆಂಥಿಯುರಾನ್ ಇವು ಯಾವುವೂ ಕೋಲಿನೆಸ್ಟರೇಸ್ ಅನ್ನು ಗುರಿಯಾಗಿಸಿಕೊಂಡು ಕೆಲಸ ಮಾಡುವುದಿಲ್ಲ. 2021ರಲ್ಲಿ ಮೆಣಸಿನ ಬೆಳೆಗೆ ಕಪ್ಪು ಥ್ರಿಪ್ಸ್ ಎಂಬ ಕೀಟ ಬಂದಾಗಿನಿಂದ ಈ ಭಾಗದಲ್ಲಿ ಬಗೆಬಗೆಯ ಎಣ್ಣೆಗಳನ್ನು ಒಂದರ ಮೇಲೊಂದು ಹೊಡೆಯುವುದು ಹೆಚ್ಚಿದೆ. ಅಂಥಲ್ಲಿ ಕೋಲಿನೆಸ್ಟರೇಸ್ ಅಂಕಿ ಚೆನ್ನಾಗಿದೆ ಎಂದಮಾತ್ರಕ್ಕೆ ಮೈಗೆ ಏನೂ ತಾಗಿಲ್ಲ ಎಂದು ತಿಳಿಯಬಾರದು. ಕಳೆನಾಶಕ ಗ್ಲೈಫೋಸೇಟ್‌ನಲ್ಲಿ ರಂಜಕ ಇರುವುದು ನಿಜವಾದರೂ ಅದು ತಡೆಯುವುದು ಗಿಡಗಳಲ್ಲಿರುವ ಬೇರೆಯೇ ಒಂದು ಕಿಣ್ವವನ್ನು. ಅದಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ.

ಹಂಗಾಮಿನ ಮುಂಚಿನ ಅಂಕಿ

ಆರೋಗ್ಯವಂತರಲ್ಲಿಯೇ ಕೋಲಿನೆಸ್ಟರೇಸ್ ಪ್ರಮಾಣ ಒಬ್ಬರಿಗಿಂತ ಒಬ್ಬರಿಗೆ ದುಪ್ಪಟ್ಟು ವ್ಯತ್ಯಾಸವಾಗಬಹುದು. ಲ್ಯಾಬ್ ವರದಿಯ ಬಲಬದಿಯಲ್ಲಿ ಮುದ್ರಿಸಿರುವ ‘ಸಾಮಾನ್ಯ ವ್ಯಾಪ್ತಿ’ ಅಷ್ಟು ಅಗಲವಾಗಿರುವುದು ಇದರಿಂದಲೇ. ಆ ವ್ಯಾಪ್ತಿಯ ಮೇಲ್ತುದಿಯಲ್ಲಿದ್ದವನು ತನ್ನ ಕಿಣ್ವದ ಮೂರನೆಯ ಒಂದು ಭಾಗ ಕಳೆದುಕೊಂಡ ಮೇಲೂ ವರದಿಯಲ್ಲಿ ‘ಸಾಮಾನ್ಯ’ನಾಗಿಯೇ ಉಳಿಯುತ್ತಾನೆ. ಆದ್ದರಿಂದಲೇ ಕೃಷಿ ಕಾರ್ಮಿಕರಿಗೆ 1974ರಿಂದ ಈ ಪರೀಕ್ಷೆಯ ವ್ಯವಸ್ಥೆ ಮಾಡಿರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರತಿಯೊಬ್ಬರನ್ನೂ ಅವರವರ ಮೂಲ ಅಂಕಿಯ ಜೊತೆಗೇ ಹೋಲಿಸುತ್ತಾರೆ. ನಮ್ಮ ಹೊಲಗಳಲ್ಲಿ ಅಂಥ ಕಡ್ಡಾಯವಿಲ್ಲ. ಆದರೆ ಲೆಕ್ಕದ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು.

ಕನಿಷ್ಠ ಒಂದು ತಿಂಗಳು ಆರ್ಗನೊಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಯಾವ ಎಣ್ಣೆಯನ್ನೂ ಮುಟ್ಟದೆ ಇದ್ದ ಮೇಲೆ ಮೂಲ ಅಂಕಿಗೆ ರಕ್ತ ಕೊಡಬೇಕು. ಮಳೆಯಾಶ್ರಿತ ಹತ್ತಿ ಮತ್ತು ಮೆಣಸಿನಕಾಯಿಯವರಿಗೆ ಏಪ್ರಿಲ್‌ನಿಂದ ಕಾರಹುಣ್ಣಿಮೆಯವರೆಗಿನ ಬಿಡುವು ಇದಕ್ಕೆ ಸರಿಹೊಂದುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ಎರಡನೆಯ ಭತ್ತವನ್ನೂ ಬೆಳೆಯುವವರಿಗೆ ಬಿಡುವು ಕಡಿಮೆ. ಅವರು ಕೊಯ್ಲಿಗೆ ಮುಂಚಿನ ಕೊನೆಯ ಸಿಂಪಡಣೆಯ ದಿನವನ್ನು ಬರೆದಿಟ್ಟುಕೊಂಡು ಅಲ್ಲಿಂದ ಎಣಿಸಬೇಕು. ಒಂದೇ ಸಲದ ಅಂಕಿಯನ್ನು ನಂಬುವುದಕ್ಕಿಂತ ಮೂರು ದಿನಗಳಿಂದ ಎರಡು ವಾರಗಳ ಅಂತರದಲ್ಲಿ ಎರಡು ಸಲ ಮಾಡಿಸಿ ಸರಾಸರಿ ತೆಗೆಯುವುದು ಉತ್ತಮ. ಎರಡರ ನಡುವೆ ಶೇ. 20ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯದು ಬೇಕಾಗುತ್ತದೆ.

ಯಾರಿಗೆ ಮಾಡಿಸಬೇಕು ಎಂಬಲ್ಲಿ ನಮ್ಮ ಕಡೆ ಒಂದು ಕುರುಡುತನವಿದೆ. ಪಂಪು ಹೊತ್ತ ಗಂಡಸನ್ನು ಮಾತ್ರ ಎಣ್ಣೆ ಹೊಡೆಯುವವನೆಂದು ಲೆಕ್ಕ ಹಿಡಿಯಲಾಗುತ್ತದೆ. ಡ್ರಮ್ಮಿನಲ್ಲಿ ಕಲಸಿ ಪಂಪಿಗೆ ತುಂಬಿಕೊಡುವವರು, ಮರುದಿನವೇ ಹಸಿ ಎಲೆಗಳ ನಡುವೆ ಕಳೆ ತೆಗೆಯಲು ಇಳಿಯುವ ಹೆಂಗಸರು, ಮನೆಯಲ್ಲಿ ಆ ಬಟ್ಟೆಯನ್ನು ಬರಿಗೈಯಲ್ಲಿ ಉಜ್ಜುವವರು, ಇವರಿಗೂ ಅದು ಚರ್ಮದ ಮೂಲಕ ಸೇರುತ್ತದೆ. ಕಲಸುವಾಗ ಕೈಗೆ ತಾಗುವುದು ನೀರು ಬೆರೆಸದ ಗಟ್ಟಿ ಎಣ್ಣೆಯಾದ್ದರಿಂದ ಕಲಸುವವರನ್ನೇ ಮೊದಲು ಪರೀಕ್ಷೆಗೆ ಕಳುಹಿಸುವುದು ನ್ಯಾಯ.

ರಕ್ತ ಕೊಡುವಾಗ

ಕೋಲಿನೆಸ್ಟರೇಸ್ ಹೆಸರಿನಲ್ಲಿ ಎರಡು ಬೇರೆ ಪರೀಕ್ಷೆಗಳಿವೆ. ಕೆಂಪು ರಕ್ತಕಣಗಳ ಮೇಲಿರುವುದು ನರಗಳಲ್ಲಿ ಇರುವ ಅಸಿಟೈಲ್‌ಕೋಲಿನೆಸ್ಟರೇಸೇ. ಆದ್ದರಿಂದ ನರದ ಸ್ಥಿತಿಗೆ ಅದು ಹತ್ತಿರದ ಕನ್ನಡಿ. ರಕ್ತದ ನೀರಿನಂಶದಲ್ಲಿ ಇರುವುದು ಯಕೃತ್ತು ತಯಾರಿಸುವ ಬ್ಯುಟಿರಿಲ್‌ಕೋಲಿನೆಸ್ಟರೇಸ್. ವರದಿಗಳಲ್ಲಿ ಇದನ್ನು ಸೀರಮ್ ಕೋಲಿನೆಸ್ಟರೇಸ್ ಅಥವಾ ಸ್ಯೂಡೋಕೋಲಿನೆಸ್ಟರೇಸ್ ಎಂದು ಬರೆಯುತ್ತಾರೆ. ಲ್ಯಾಬ್‌ಗಳಲ್ಲಿ ಸುಲಭವಾಗಿ ಸಿಗುವುದು ಈ ಎರಡನೆಯದು. ಎಣ್ಣೆ ತಾಗಿದಾಗ ಇದು ಬೇಗ ಇಳಿಯುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ. ಕೆಂಪುಕಣಗಳದ್ದು ಹೊಸ ಕಣಗಳು ಹುಟ್ಟಿದಂತೆ ದಿನಕ್ಕೆ ಸುಮಾರು ಶೇ. 1ರಂತೆ ಮಾತ್ರ ಮರಳುತ್ತದೆ. ಎಲ್ಲ ಕೀಟನಾಶಕಗಳೂ ಎರಡನ್ನೂ ಸಮನಾಗಿ ತಡೆಯುವುದಿಲ್ಲ: ಕ್ಲೋರ್‌ಪೈರಿಫಾಸ್ ಸೀರಮ್‌ನದನ್ನು ಜೋರಾಗಿ ಇಳಿಸುತ್ತದೆ, ಡೈಮೆಥೊಯೇಟ್ ಅಷ್ಟು ಇಳಿಸುವುದಿಲ್ಲ. ಸಾಧ್ಯವಿದ್ದರೆ ಎರಡನ್ನೂ ಮಾಡಿಸುವುದು ಮೇಲು. ಒಂದನ್ನೇ ಮಾಡಿಸುವುದಾದರೆ ಮೊದಲ ಸಲ ಯಾವುದನ್ನು ಮಾಡಿಸಿದಿರೋ ಕೊನೆಯವರೆಗೂ ಅದನ್ನೇ ಹಿಡಿದುಕೊಳ್ಳಬೇಕು.

ಲ್ಯಾಬ್ ಕೂಡ ಬದಲಾಗಬಾರದು. ಬಹುಪಾಲು ಪರೀಕ್ಷೆಗಳ ಮೂಲ ಜಾರ್ಜ್ ಎಲ್‌ಮನ್ 1961ರಲ್ಲಿ ಪ್ರಕಟಿಸಿದ, ಹಳದಿ ಬಣ್ಣ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅಳೆಯುವ ವಿಧಾನವೇ ಆದರೂ, ಬಳಸುವ ರಾಸಾಯನಿಕ ಮತ್ತು ಉಷ್ಣಾಂಶ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಅಥವಾ ಖಾಸಗಿ ಲ್ಯಾಬಿನಲ್ಲಿ ಈ ಪರೀಕ್ಷೆ ಅಲ್ಲೇ ನಡೆಯುತ್ತದೆಯೇ, ಬೇರೆ ಊರಿಗೆ ಕಳುಹಿಸುತ್ತಾರೆಯೇ, ಯಾವ ದಿನ ರಕ್ತ ತೆಗೆಯುತ್ತಾರೆ ಎಂಬುದನ್ನು ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಬೇಕು.

ರಕ್ತ ಕೊಡಲು ಹೊಲದಿಂದ ನೇರವಾಗಿ ಹೋಗಬಾರದು. ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಮೊಣಕೈಯ ಒಳಭಾಗವನ್ನು ಸೋಪಿನಿಂದ ತೊಳೆದುಕೊಂಡು ಹೋಗಬೇಕು, ಏಕೆಂದರೆ ಚರ್ಮದ ಮೇಲಿನ ಎಣ್ಣೆಯ ಅಂಶ ಸೂಜಿಯ ಜೊತೆ ರಕ್ತಕ್ಕೆ ಸೇರಿದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಕೆಂಪುಕಣಗಳ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಇಡಿಟಿಎ ನಳಿಗೆ ಬಳಸುತ್ತಾರೆ. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ನಳಿಗೆಯಲ್ಲಿ ಫ್ಲೋರೈಡ್ ಇರುತ್ತದೆ. ಫ್ಲೋರೈಡ್ ಈ ಕಿಣ್ವವನ್ನೇ ತಡೆಯುವುದರಿಂದ ಆ ನಳಿಗೆಯ ರಕ್ತವನ್ನು ಇದಕ್ಕೆ ಉಪಯೋಗಿಸಬಾರದು. ಒಂದೇ ಸಲಕ್ಕೆ ಸಕ್ಕರೆಯನ್ನೂ ನೋಡಿಸುವವರು ಇದನ್ನು ವಿನಯದಿಂದ ನೆನಪಿಸಿದರೆ ತಪ್ಪಿಲ್ಲ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ಮಾದರಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿ ಹೋಗಬೇಕು. ನಮ್ಮ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಹೋದ ರಕ್ತದ ಅಂಕಿಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಕಿಯನ್ನು ಓದುವುದು

ಲೆಕ್ಕ ಸರಳವಾಗಿದೆ: ಈಗಿನ ಅಂಕಿಯನ್ನು ಮೂಲ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಉದಾಹರಣೆಗೆ ಒಬ್ಬರ ಸೀರಮ್ ಅಂಕಿ ಮೇ ತಿಂಗಳಲ್ಲಿ 8,000 ಮತ್ತು 8,400 ಬಂದಿತ್ತೆಂದು ಇಟ್ಟುಕೊಳ್ಳೋಣ; ಮೂಲ ಅಂಕಿ 8,200. ಸೆಪ್ಟೆಂಬರ್‌ನಲ್ಲಿ 6,100 ಬಂದರೆ ಅದು ಮೂಲದ ಶೇ. 74. ಲ್ಯಾಬಿನ ವ್ಯಾಪ್ತಿ 5,000ದಿಂದ ಆರಂಭವಾಗುತ್ತಿದ್ದರೆ ಈ ಅಂಕಿಗೆ ಯಾವ ಗುರುತೂ ಇರುವುದಿಲ್ಲ, ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದೇ ಸಹಜ. ಕ್ಯಾಲಿಫೋರ್ನಿಯಾದ ನಿಯಮದಂತೆ ನೋಡಿದರೆ ಅಂಕಿ ಮೂಲದ ಶೇ. 80ಕ್ಕೆ ಇಳಿದಾಗಲೇ ಕೆಲಸದ ಕ್ರಮವನ್ನು ಪರಿಶೀಲಿಸಬೇಕು, ಕೆಂಪುಕಣಗಳದ್ದು ಶೇ. 70ಕ್ಕೆ ಅಥವಾ ಸೀರಮ್‌ನದು ಶೇ. 60ಕ್ಕೆ ಇಳಿದರೆ ಆ ವ್ಯಕ್ತಿ ಎಣ್ಣೆಯ ಕೆಲಸವನ್ನು ಬಿಡಬೇಕು, ಎರಡೂ ಶೇ. 80ಕ್ಕೆ ಮರಳಿದ ಮೇಲೆಯೇ ಮತ್ತೆ ಮುಟ್ಟಬೇಕು. ಮೇಲಿನ ವ್ಯಕ್ತಿಗೆ 4,800 ಬಂದಿದ್ದರೆ ಅದು ಶೇ. 59ಕ್ಕಿಂತ ಕಡಿಮೆ, ಅಂದರೆ ನಿಲ್ಲಿಸುವ ಗೆರೆ ದಾಟಿತು. 6,560 ಆಗುವವರೆಗೆ ಅವರು ಕಳೆ, ನೀರು, ಟ್ರ್ಯಾಕ್ಟರ್ ಎಂದು ಬೇರೆ ಕೆಲಸ ನೋಡಿಕೊಳ್ಳಬೇಕು, ಹೊಸದಾಗಿ ಎಣ್ಣೆ ಹೊಡೆದ ಹೊಲವನ್ನು ಮಾತ್ರ ಬಿಟ್ಟು.

ಕೂಲಿಯನ್ನು ಪಂಪಿನ ಲೆಕ್ಕದಲ್ಲಿ ಕೊಡುವ ಕಡೆ ಈ ನಿಯಮ ಹೊಟ್ಟೆಗೆ ಹೊಡೆಯುತ್ತದೆ ಎಂಬುದು ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಶೇ. 80ರ ಗೆರೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆನ್ನುವುದು. ಅಲ್ಲಿ ಎಚ್ಚೆತ್ತರೆ ಕೆಲಸ ಬಿಡುವ ಪ್ರಸಂಗ ಬರದಿರಬಹುದು. ಪರೀಕ್ಷೆಯ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ತಾಂತ್ರಿಕ ಹೆಸರು, ಆ ದಿನ ಹೊಡೆದ ಪಂಪುಗಳ ಸಂಖ್ಯೆ ಇಷ್ಟನ್ನು ಬರೆದಿಟ್ಟರೆ, ಅಂಕಿ ಯಾವ ಎಣ್ಣೆಯಿಂದ ಇಳಿಯಿತೆಂದು ವೈದ್ಯರಿಗೆ ಊಹಿಸಲು ಆಧಾರ ಸಿಗುತ್ತದೆ. ಮೊದಲು ನೋಡಬೇಕಾದದ್ದು ಸೋರುವ ಪಂಪು: ಬೆನ್ನು ಒದ್ದೆಯಾದರೆ ಅದು ದಿನವಿಡೀ ಮೈಗೆ ಎಣ್ಣೆ ಕುಡಿಸಿದಂತೆ. ಸೊಂಟದೆತ್ತರದ ಹತ್ತಿಯಲ್ಲಿ ಈಗಷ್ಟೇ ಹೊಡೆದ ಸಾಲಿನೊಳಗೆ ಮುಂದಕ್ಕೆ ನಡೆದರೆ ತೊಡೆಗಳು ತೊಯ್ಯುತ್ತವೆ. ಬಟ್ಟೆಯ ಕೈಗವಸು ಎಣ್ಣೆ ಹೀರಿಕೊಂಡು ಚರ್ಮಕ್ಕೆ ಒತ್ತಿಡುವುದರಿಂದ ಬರಿಗೈಗಿಂತ ಕೇಡು. ನೈಟ್ರೈಲ್ ರಬ್ಬರಿನದೇ ಬೇಕು.

ಎಣ್ಣೆಯಲ್ಲದೆ ಬೇರೆ ಕಾರಣಗಳಿಗೂ ಸೀರಮ್ ಅಂಕಿ ಇಳಿಯುತ್ತದೆ: ಕಾಮಾಲೆ ಮತ್ತು ಯಕೃತ್ತಿನ ಇತರ ಕಾಯಿಲೆಗಳು, ಅಪೌಷ್ಟಿಕತೆ, ಬಸಿರು, ಗರ್ಭನಿರೋಧಕ ಮಾತ್ರೆ. ರಕ್ತಹೀನತೆ ಇರುವವರ ಕೆಂಪುಕಣದ ಅಂಕಿಯನ್ನು ಹಿಮೋಗ್ಲೋಬಿನ್‌ಗೆ ಹೊಂದಿಸಿ ಕೊಡುವಂತೆ ಕೇಳಬೇಕು. ಕೆಲವರಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಹುಟ್ಟಿನಿಂದಲೇ ಕಡಿಮೆ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಜೀನಿನ ಒಂದು ಬದಲಾವಣೆ, ಅಂದರೆ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಬರುವುದು, ಇದೆಯೆಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದರಿಂದ ದಿನನಿತ್ಯದ ಬದುಕಿಗೆ ತೊಂದರೆಯಿಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಉಸಿರಾಟ ಗಂಟೆಗಟ್ಟಲೆ ಮರಳದಿರಬಹುದು. ಎಣ್ಣೆಯ ಸಂಪರ್ಕವೇ ಇಲ್ಲದವರಲ್ಲಿ ಅಂಕಿ ತೀರಾ ಕಡಿಮೆ ಬಂದರೆ ವರದಿಯನ್ನು ಜೋಪಾನವಾಗಿಟ್ಟು, ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರಿಗೆ ತೋರಿಸಬೇಕು.

ಹೊಲದಲ್ಲೇ ಬಿದ್ದಾಗ

ಇಲ್ಲಿ ಪರೀಕ್ಷೆಯ ಮಾತನ್ನು ಪಕ್ಕಕ್ಕಿಡಬೇಕು. ವರದಿ ಬರುವವರೆಗೆ ಕಾಯುವ ಕಾಯಿಲೆಯಲ್ಲ ಇದು. ಬಿಸಿಲು ಬಡಿದವರಲ್ಲಿ ಸಾಮಾನ್ಯವಾಗಿ ಬಾಯಿ ಒಣಗುತ್ತದೆ. ಎಣ್ಣೆ ತಾಗಿದವರಲ್ಲಿ ಜೊಲ್ಲು ಸುರಿಯುತ್ತದೆ, ಪಾಪೆ ಕಿರಿದಾಗುತ್ತದೆ, ಸ್ನಾಯು ಅದುರುತ್ತದೆ. 108ಕ್ಕೆ ಕರೆ ಮಾಡಿ, ಒದ್ದೆ ಬಟ್ಟೆ ಬಿಚ್ಚಿ, ಕೂದಲು ಮತ್ತು ಉಗುರಿನ ಸಂದಿ ಸೇರಿದಂತೆ ಸೋಪು ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು. ಮಗ್ಗುಲಾಗಿ ಮಲಗಿಸಬೇಕು. ಉಪ್ಪುನೀರು, ಹುಣಸೆನೀರು, ಹಾಲು ಯಾವುದನ್ನೂ ಕುಡಿಸಬಾರದು, ವಾಂತಿ ಮಾಡಿಸಬಾರದು. ಡಬ್ಬಿಯನ್ನು ಒಂದು ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಬೇಕು.

ಡಬ್ಬಿಯ ಹೆಸರು ಏಕೆ ಮುಖ್ಯ ಎಂಬುದಕ್ಕೆ ಕಿಣ್ವದಲ್ಲೇ ಉತ್ತರವಿದೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಎಂಬ ಔಷಧವು ಜೊಲ್ಲು, ಕಫ ಮತ್ತು ಹೃದಯದ ನಿಧಾನಗತಿಯನ್ನು ಹತೋಟಿಗೆ ತರುತ್ತದೆ, ಆದರೆ ಕಿಣ್ವವನ್ನು ಬಿಡಿಸುವುದಿಲ್ಲ. ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧ ಕೊಡುತ್ತಾರೆ. ಆದರೆ ಕಿಣ್ವಕ್ಕೆ ಅಂಟಿದ ಕೀಟನಾಶಕ ಸ್ವಲ್ಪ ಹೊತ್ತಿನ ಮೇಲೆ ತನ್ನ ಒಂದು ತುಣುಕನ್ನು ಕಳಚಿ ಶಾಶ್ವತವಾಗಿ ಬೇರೂರುತ್ತದೆ, ಆಮೇಲೆ ಈ ಔಷಧಕ್ಕೂ ಅದು ಬಿಡುವುದಿಲ್ಲ. ಡೈಮೆಥೊಯೇಟ್‌ನಂಥ ಡೈಮೀಥೈಲ್ ಬಗೆಯಲ್ಲಿ ಅರ್ಧದಷ್ಟು ಕಿಣ್ವ ನಾಲ್ಕು ಗಂಟೆಯೊಳಗೇ ಹೀಗಾದರೆ, ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ಬಗೆಯಲ್ಲಿ ಅದಕ್ಕೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಪ್ರಾಲಿಡಾಕ್ಸಿಮ್‌ನ ಪ್ರಯೋಜನದ ಬಗ್ಗೆ ಅಧ್ಯಯನಗಳೂ ಒಮ್ಮತಕ್ಕೆ ಬಂದಿಲ್ಲ: 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹೆಚ್ಚಿನ ಪ್ರಮಾಣದಲ್ಲಿ ನಿರಂತರವಾಗಿ ಕೊಟ್ಟಾಗ ಲಾಭ ಕಂಡಿತು, 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಪ್ರಯೋಗದಲ್ಲಿ ಕಾಣಲಿಲ್ಲ. ಆದ್ದರಿಂದ ಆ ಔಷಧ ಕೊಡಲಿಲ್ಲವೆಂದು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ಎರಡನೆಯ ದಿನ ರೋಗಿ ಎದ್ದು ಕೂತು ಮಾತನಾಡಿದರೆಂದು ಬಿಡಿಸಿಕೊಂಡು ಬರುವವರು ಇನ್ನೊಂದು ವಿಷಯ ತಿಳಿದಿರಬೇಕು. ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಇದ್ದಕ್ಕಿದ್ದಂತೆ ಸೋಲುವ ಸ್ಥಿತಿಯನ್ನು ಶ್ರೀಲಂಕಾದ ವೈದ್ಯರು 1987ರಲ್ಲಿ ವರ್ಣಿಸಿದರು. ಜೊತೆಗಿರುವವರು ಆಗಾಗ ರೋಗಿಗೆ ದಿಂಬಿನಿಂದ ತಲೆ ಎತ್ತಲು ಹೇಳಬೇಕು; ಎತ್ತಲಾಗದಿದ್ದರೆ ತಕ್ಷಣ ಸಿಸ್ಟರ್‌ಗೆ ತಿಳಿಸಬೇಕು. ಮನೆಗೆ ಬಂದ ಎರಡು ಮೂರು ವಾರಗಳ ಮೇಲೆ ಪಾದಗಳಲ್ಲಿ ಜೋಮು, ಕಾಲಿನಲ್ಲಿ ಬಲಹೀನತೆ ಶುರುವಾದರೆ ಅದಕ್ಕೆ ಕಾರಣ ಮತ್ತೊಂದು ಕಿಣ್ವ, ನ್ಯೂರೊಪತಿ ಟಾರ್ಗೆಟ್ ಎಸ್ಟರೇಸ್, ಕೆಟ್ಟಿರುವುದಾಗಿರಬಹುದು. ಇದೇ ಕಿಣ್ವದ ಜೀನ್ ಕೆಟ್ಟರೆ ಕಾಲುಗಳು ಸೆಟೆದುಕೊಳ್ಳುವ ಒಂದು ವಂಶಪಾರಂಪರ್ಯ ಕಾಯಿಲೆ ಬರುತ್ತದೆಂದು 2008ರಲ್ಲಿ ಪತ್ತೆಯಾಯಿತು. ಕೋಲಿನೆಸ್ಟರೇಸ್ ವರದಿಯಲ್ಲಿ ಈ ಹಾನಿ ಕಾಣಿಸುವುದಿಲ್ಲವಾದ್ದರಿಂದ, ಅಂಕಿ ಮರಳಿ ಸರಿಹೋಗಿದ್ದರೂ ಆಸ್ಪತ್ರೆಯ ಚೀಟಿ ಮತ್ತು ಡಬ್ಬಿಯ ತಾಂತ್ರಿಕ ಹೆಸರನ್ನು ಹಿಡಿದು ನರರೋಗ ವೈದ್ಯರ ಬಳಿ ಹೋಗಬೇಕು.